ಹೂಮರಗಳ ಪಂಚಾಂಗ ಬರೆದ ತೋಟಗಾರ
ಜಿ.ಎಚ್. ಕ್ರುಂಬಿಗಲ್ (1865–1956)



ಈ ವರ್ಷ ಆರನೇ ತರಗತಿಯ ಕನ್ನಡ ಪಾಠದಲ್ಲಿ 'ನಮ್ಮ ಊರು' ಎಂಬ ವಿಷಯ ಕೊಟ್ಟು ಹತ್ತು ವಾಕ್ಯ ಬರೆಯಲು ಹೇಳಿದ್ದೆವು. ಎಲ್ಲರೂ ತಲೆ ಬಗ್ಗಿಸಿ ಬರೆಯತೊಡಗಿದರು. ಒಬ್ಬ ಪುಟ್ಟ ವಿದ್ಯಾರ್ಥಿನಿ ಮಾತ್ರ ಶೀರ್ಷಿಕೆ ಬರೆದು, ಅದರ ಕೆಳಗೆ ಅಂದವಾಗಿ ಗೆರೆ ಎಳೆದು, ಪುಟವನ್ನು ಖಾಲಿ ಬಿಟ್ಟು ಕುಳಿತಿದ್ದಳು. ಏಕೆಂದು ಕೇಳಿದಾಗ, ತಾನು ಹುಟ್ಟಿ ಬೆಳೆದ ಈ ಎಮಿರೇಟ್ಸ್ ತನ್ನ ಊರೋ, ರಜೆಯಲ್ಲಿ ಹೋಗುವ ಅಜ್ಜಿಯ ಬೆಂಗಳೂರು ತನ್ನ ಊರೋ ಗೊತ್ತಾಗುತ್ತಿಲ್ಲ ಎಂದಳು. ಅವಳಿಗೆ ಆ ದಿನ ಸರಿಯಾದ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಮನೆಗೆ ಹೋದ ಮೇಲೂ ಆ ಖಾಲಿ ಪುಟ ಕಣ್ಣ ಮುಂದೆಯೇ ಇತ್ತು.

ಅದೇ ವರ್ಷ ನಮ್ಮಿಂದ ಇನ್ನೊಂದು ತಪ್ಪೂ ಆಗಿತ್ತು. ಜೂನ್ 5ರಂದು ವಿಶ್ವ ಪರಿಸರ ದಿನಾಚರಣೆಗೆಂದು ಮಕ್ಕಳೊಂದಿಗೆ ಸೇರಿ ಶಾಲೆಯ ಆವರಣದಲ್ಲಿ ಹನ್ನೆರಡು ಸಸಿಗಳನ್ನು ನೆಟ್ಟೆವು. ಹಾಡು, ಭಾಷಣ, ಫೋಟೋ ಎಲ್ಲವೂ ಚೆನ್ನಾಗಿ ನಡೆಯಿತು. ಜುಲೈ, ಆಗಸ್ಟ್ ರಜೆ ಮುಗಿಸಿ ಬಂದು ನೋಡಿದರೆ ಒಂಬತ್ತು ಸಸಿಗಳು ಒಣಗಿ ಕಡ್ಡಿಯಾಗಿದ್ದವು. ಉಳಿದದ್ದು ಎರಡು ಬೇವು ಮತ್ತು ಒಂದು ಘಾಫ್ ಮಾತ್ರ. ನಮ್ಮ ಕರ್ನಾಟಕದಲ್ಲಿ ಜೂನ್ ಎಂದರೆ ಮುಂಗಾರು. ನೆಟ್ಟ ಸಸಿಗೆ ಮಳೆಯೇ ದಾದಿ. ಇಲ್ಲಿ ಜೂನ್ ಎಂದರೆ ಬೆಂಕಿ. ನೆಲ ಬದಲಾಗಿದ್ದರೂ ನಾವು ಪಂಚಾಂಗ ಬದಲಿಸಿರಲಿಲ್ಲ.

ಈ ಎರಡು ಸಂಗತಿಗಳೂ ಸೇರಿ ನಮಗೆ ಒಬ್ಬ ಮಹನೀಯರನ್ನು ನೆನಪಿಸಿದವು. ಅವರು ಹುಟ್ಟಿದ್ದು ಜರ್ಮನಿಯಲ್ಲಿ, ಮಣ್ಣಾದದ್ದು ಬೆಂಗಳೂರಿನಲ್ಲಿ. ಬೆಚ್ಚನೆಯ ಊರಿಗೆ ಎಂಥ ಮರ ಬೇಕು, ಅದನ್ನು ಎಲ್ಲಿ ನೆಡಬೇಕು, ಯಾವ ತಿಂಗಳಲ್ಲಿ ಯಾವುದು ಹೂಬಿಡಬೇಕು ಎಂದು ಯೋಚಿಸುವುದರಲ್ಲೇ ಅವರು ಆಯುಷ್ಯದ ಬಹುಭಾಗವನ್ನು ಕಳೆದರು. ಅವರೇ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ಕ್ರುಂಬಿಗಲ್ ರಸ್ತೆಯಲ್ಲಿ ನಿಮ್ಮಲ್ಲಿ ಹಲವರು ಓಡಾಡಿರಬಹುದು. ಆ ಹೆಸರಿನ ಹಿಂದಿನ ಜೀವನವನ್ನು ಈ ಪುಟಗಳಲ್ಲಿ ಪರಿಚಯಿಸಿಕೊಳ್ಳೋಣ.

ಹಿಮದ ನಾಡಿನ ಹುಡುಗ

ಕ್ರುಂಬಿಗಲ್ ಅವರು ಜನಿಸಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರದ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ಆ ನಾಡಿನ ಚಳಿಗಾಲವೆಂದರೆ ನಮ್ಮ ಮಕ್ಕಳು ಸಿನಿಮಾದಲ್ಲಿ ನೋಡುವಂಥದ್ದು. ನೀರು ಹೆಪ್ಪುಗಟ್ಟುತ್ತದೆ, ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಅಲ್ಲಿನ ತೋಟಗಾರನಿಗೆ ಮೊದಲ ಚಿಂತೆಯೇ ಈ ಗಿಡ ಚಳಿಯಲ್ಲಿ ಬದುಕೀತೇ ಎನ್ನುವುದು.

ಅದೇ ಪ್ರದೇಶದ ಪಿಲ್ನಿಟ್ಸ್ ಎಂಬಲ್ಲಿ ಸ್ಯಾಕ್ಸನಿಯ ಅರಸರ ಅರಮನೆಯೂ ಹೆಸರಾಂತ ಉದ್ಯಾನವೂ ಇದ್ದವು. ಕ್ರುಂಬಿಗಲ್ ಅವರು ತೋಟಗಾರಿಕೆ ಕಲಿತದ್ದು ಅಲ್ಲಿ. ಮುಂದೆ 1884ರಲ್ಲಿ ಶ್ವೇರಿನ್ ಎಂಬಲ್ಲಿಯೂ, 1885ರಿಂದ 1887ರವರೆಗೆ ಹ್ಯಾಂಬರ್ಗ್ ನಗರದಲ್ಲಿಯೂ ಕೆಲಸ ಮಾಡಿದರು. 1888ರಲ್ಲಿ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ರೂಪಿಸಿದರು. ಬಳಿಕ ಕ್ಯೂ ಎಂಬಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್ ಸೇರಿದರು.

ಕ್ಯೂ ಉದ್ಯಾನ ಆ ಕಾಲದಲ್ಲಿ ಜಗತ್ತಿನ ಸಸ್ಯಗಳಿಗೆಲ್ಲ ಒಂದು ದೊಡ್ಡ ಅಂಚೆ ಕಚೇರಿಯಂತಿತ್ತು. ದಕ್ಷಿಣ ಅಮೆರಿಕ, ಆಫ್ರಿಕ, ಪೂರ್ವ ದ್ವೀಪಗಳಿಂದ ಬೀಜ, ಸಸಿಗಳು ಅಲ್ಲಿಗೆ ಬಂದು, ಅಲ್ಲಿಂದ ಬೇರೆ ಬೇರೆ ದೇಶಗಳ ತೋಟಗಳಿಗೆ ಹೋಗುತ್ತಿದ್ದವು. ಬಿಸಿಲಿನ ನಾಡಿನ ಗಿಡಗಳನ್ನು ಅಲ್ಲಿ ಗಾಜಿನ ಮನೆಗಳಲ್ಲಿ ಬೆಂಕಿಯ ಶಾಖ ಕೊಟ್ಟು ಕಾಪಾಡಬೇಕಾಗಿತ್ತು. ಗಾಜಿನೊಳಗೆ ಮುದುಡಿ ನಿಂತ ಗಿಡಗಳನ್ನು ನೋಡಿ ಬೆಳೆದ ತೋಟಗಾರನಿಗೆ, ಅವೇ ಗಿಡಗಳು ತೆರೆದ ಆಕಾಶದ ಕೆಳಗೆ ಆಳೆತ್ತರ ಬೆಳೆಯುವ ನಾಡು ಮುಂದೆ ಕಾದಿತ್ತು.

ಬರೋಡಾದಿಂದ ಬೆಂಗಳೂರಿಗೆ

1893ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಕ್ರುಂಬಿಗಲ್ ಅವರು ಭಾರತಕ್ಕೆ ಬಂದರು. ಬರೋಡಾ ಸಂಸ್ಥಾನವನ್ನು ಆಗ ಆಳುತ್ತಿದ್ದವರು ವಿದ್ಯೆಗೂ ಸುಧಾರಣೆಗೂ ಹೆಸರಾದ ಮೂರನೆಯ ಸಯಾಜಿರಾವ್ ಗಾಯಕವಾಡರು. ಅಲ್ಲಿನ ಸಸ್ಯೋದ್ಯಾನಗಳ ಹೊಣೆ ಕ್ರುಂಬಿಗಲ್ ಅವರಿಗೆ ಸಿಕ್ಕಿತು. ಗುಜರಾತಿನ ಸುಡು ಬೇಸಿಗೆಯಲ್ಲಿ ಜರ್ಮನಿಯಲ್ಲಿ ಕಲಿತ ಪಾಠಗಳಲ್ಲಿ ಅರ್ಧಕ್ಕರ್ಧ ತಿರುಗುಮುರುಗಾಗಿರಬೇಕು. ಅಲ್ಲಿ ಚಳಿಯಿಂದ ಗಿಡ ಕಾಯುವುದು ಕೆಲಸವಾದರೆ, ಇಲ್ಲಿ ಬಿಸಿಲಿನಿಂದ ಕಾಯಬೇಕು. ಅಲ್ಲಿ ಬಿಸಿಲು ಬರಲೆಂದು ಮರ ಸವರಿದರೆ, ಇಲ್ಲಿ ನೆರಳಿಗೆಂದೇ ಮರ ಬೆಳೆಸಬೇಕು. ಹದಿನೈದು ವರ್ಷ ಅವರು ಈ ಹೊಸ ಪಾಠವನ್ನು ಕಲಿತರು.

ಇತ್ತ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ನಡೆಯುತ್ತಿತ್ತು. ಬೆಂಗಳೂರಿನ ಲಾಲ್‌ಬಾಗನ್ನು ಹೈದರ್ ಅಲಿ 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನ್ ದೂರ ದೇಶಗಳಿಂದ ಗಿಡ ತರಿಸಿ ಬೆಳೆಸಿದ್ದು ನಿಮಗೆ ಇತಿಹಾಸದ ಪಾಠದಲ್ಲಿ ಗೊತ್ತಿರುವ ವಿಷಯ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಅದನ್ನು ನೋಡಿಕೊಂಡವರು ಕ್ಯೂ ಉದ್ಯಾನದಿಂದಲೇ ಬಂದಿದ್ದ ಜಾನ್ ಕ್ಯಾಮರಾನ್. ಇಂದಿಗೂ ನಾವು ಫಲಪುಷ್ಪ ಪ್ರದರ್ಶನ ನೋಡಲು ಹೋಗುವ ಗಾಜಿನ ಮನೆ ಅವರ ಕಾಲದ್ದು. ಕ್ಯಾಮರಾನ್ ಅವರ ನಂತರ, 1908ರಲ್ಲಿ, ಮಹಾರಾಜರು ಆ ಸ್ಥಾನಕ್ಕೆ ಕರೆಸಿಕೊಂಡದ್ದು ಕ್ರುಂಬಿಗಲ್ ಅವರನ್ನು. ಆಗ ಅವರಿಗೆ ನಲವತ್ತೆರಡು ವರ್ಷ. ಆಮೇಲೆ ಅವರು ಬೆಂಗಳೂರು ಬಿಟ್ಟು ಬೇರೆ ಊರನ್ನು ಮನೆ ಮಾಡಿಕೊಳ್ಳಲಿಲ್ಲ.

ಊರಿನ ಗುಣ ಕೇಳಿದವರು

ಆಗಿನ ಬೆಂಗಳೂರು ಬೆಳೆಯುತ್ತಿದ್ದ ಊರು. 1898ರ ಪ್ಲೇಗ್ ಹಾವಳಿ ಹಳೆಯ ಪೇಟೆಯ ಇಕ್ಕಟ್ಟನ್ನು ಎತ್ತಿ ತೋರಿಸಿತ್ತು. ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಅಗಲವಾದ ನೇರ ರಸ್ತೆಗಳೊಂದಿಗೆ ರೂಪುಗೊಂಡಿದ್ದವು. 1905ರಲ್ಲಿ ಬೀದಿಗೆ ವಿದ್ಯುದ್ದೀಪ ಬಂದಿತ್ತು. ರಸ್ತೆ ಇತ್ತು, ದೀಪ ಇತ್ತು. ಅದಕ್ಕೆ ತಕ್ಕ ನೆರಳು ಬೇಕಾಗಿತ್ತು.

ಮರ ಆರಿಸುವುದು ಬಟ್ಟೆ ಅಂಗಡಿಯಲ್ಲಿ ಬಣ್ಣ ನೋಡಿ ಸೀರೆ ಆರಿಸಿದಷ್ಟು ಸುಲಭವಲ್ಲ, ಮಕ್ಕಳೇ. ಮೊದಲು ಊರಿನ ಗುಣ ತಿಳಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿಯಲ್ಲೂ ಸಾಮಾನ್ಯವಾಗಿ ಉಷ್ಣಾಂಶ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಿಮ ಬೀಳುವುದಿಲ್ಲ. ಆದ್ದರಿಂದ ಹಿಮ ತಾಳಲಾರದ ಉಷ್ಣವಲಯದ ಮರಗಳು ಇಲ್ಲಿ ನಿರ್ಭಯವಾಗಿ ಬೆಳೆಯುತ್ತವೆ. ಆದರೆ ಜರ್ಮನಿಯ ಕೆಲವು ಮರಗಳಿಗೆ ದೀರ್ಘ ಚಳಿಯ ನಿದ್ದೆ ಸಿಗದಿದ್ದರೆ ವಸಂತದಲ್ಲಿ ಸರಿಯಾಗಿ ಮೊಗ್ಗು ಒಡೆಯುವುದಿಲ್ಲ. ಹಾಗಾಗಿ ತಮ್ಮೂರಿನ ಮರಗಳನ್ನು ತಂದು ಇಲ್ಲಿ ನೆಟ್ಟು ಇನ್ನೊಂದು ಸ್ಯಾಕ್ಸನಿ ಮಾಡುವ ದಾರಿ ಕ್ರುಂಬಿಗಲ್ ಅವರಿಗೆ ಇರಲಿಲ್ಲ. ಇಲ್ಲಿಯ ನೆಲ ಯಾವುದನ್ನು ಒಪ್ಪುತ್ತದೆಯೋ ಅದನ್ನೇ ಆರಿಸಬೇಕಿತ್ತು.

ಇನ್ನೊಂದು ಗುಣವೂ ಇದೆ. ಬೆಂಗಳೂರಿನಲ್ಲಿ ಮಳೆ ಹೆಚ್ಚಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಡಿಸೆಂಬರ್ ಕಳೆದ ಮೇಲೆ ನೆಲ ಒಣಗುತ್ತಾ ಬರುತ್ತದೆ. ಈ ಒಣ ದಿನಗಳಲ್ಲಿ ಹಲವು ಮರಗಳು ನೀರು ಉಳಿಸಲು ಎಲೆ ಉದುರಿಸಿ, ಬರಿಯ ಕೊಂಬೆಯ ಮೇಲೆ ಹೂ ಬಿಡುತ್ತವೆ. ಎಲೆಯ ಮರೆಯಿಲ್ಲದ ಕಾರಣ ಜೇನಿಗೂ ಹಕ್ಕಿಗೂ ಹೂವು ದೂರದಿಂದಲೇ ಕಾಣುತ್ತದೆ, ದಾರಿಹೋಕರಿಗೂ ಅಷ್ಟೇ. ಬೇರೆ ಊರುಗಳಲ್ಲಿ ಒಣಗಿದ ಕಾಲವೆಂದು ಬೇಸರಪಡುವ ತಿಂಗಳುಗಳೇ ಬೆಂಗಳೂರಿನಲ್ಲಿ ಹೂವಿನ ಹಬ್ಬವಾದ ಗುಟ್ಟು ಇದು.

ವರ್ಷವಿಡೀ ಹೂವು

ಕ್ರುಂಬಿಗಲ್ ಅವರ ಹೆಸರಿನೊಂದಿಗೆ ಇಂದಿಗೂ ಜನ ನೆನೆಯುವುದು ಸರದಿ ಹೂವಿನ ಯೋಜನೆಯನ್ನು. ಒಂದು ಜಾತಿಯ ಮರ ಹೂ ಉದುರಿಸುವಷ್ಟರಲ್ಲಿ ಇನ್ನೊಂದು ಜಾತಿ ಮೊಗ್ಗಾಗಿರಬೇಕು. ವರ್ಷದ ಯಾವ ತಿಂಗಳಲ್ಲೂ ಊರು ಹೂವಿಲ್ಲದೆ ಇರಬಾರದು. ಇದೇ ಅವರ ಯೋಚನೆ. ನಮ್ಮ ಮನೆಯ ಗೋಡೆಗೆ ತೂಗುಹಾಕುವ ಪಂಚಾಂಗದಲ್ಲಿ ತಿಂಗಳಿಗೊಂದು ಹಬ್ಬವಿರುವಂತೆ ಬೀದಿಯಲ್ಲಿ ತಿಂಗಳಿಗೊಂದು ಹೂವು.

ರಜೆಯಲ್ಲಿ ಬೆಂಗಳೂರಿಗೆ ಹೋಗುವವರಿಗೆ ಅನುಕೂಲವಾಗಲೆಂದು ಆ ಪಂಚಾಂಗವನ್ನು ಇಲ್ಲಿ ಸ್ಥೂಲವಾಗಿ ಕೊಡುತ್ತಿದ್ದೇವೆ. ಮಳೆ, ಬಿಸಿಲಿನ ಏರುಪೇರಿನಿಂದ ಒಂದೆರಡು ವಾರ ಹಿಂದುಮುಂದಾಗುವುದುಂಟು.

ಜನವರಿ, ಫೆಬ್ರವರಿ: ಗುಲಾಬಿ ಬಣ್ಣದ ಟಬೂಬಿಯ. ಊರ ಹೊರಗಿನ ಬಯಲಲ್ಲಿ ಕೇಸರಿ ಬಣ್ಣದ ಮುತ್ತುಗ.
ಫೆಬ್ರವರಿ, ಮಾರ್ಚ್: ಹಳದಿ ಟಬೂಬಿಯ, ನೀಲಿ ನೇರಳೆ ಬಣ್ಣದ ಜಕರಂಡ.
ಮಾರ್ಚ್, ಏಪ್ರಿಲ್: ಹೊಂಗೆ. ಯುಗಾದಿಯ ಹೊತ್ತಿಗೆ ಎಳೆ ಚಿಗುರು, ಕೆಳಗೆ ಉದುರಿದ ಹೂವಿನ ಹಾಸು. ಹಳದಿ ಹೂವಿನ ಕಾಪರ್‌ಪಾಡ್ ಕೂಡ ಆಗ ಶುರು.
ಏಪ್ರಿಲ್, ಮೇ: ಚಿನ್ನದ ಸರದಂತೆ ಜೋತುಬೀಳುವ ಕಕ್ಕೆ, ಕೆಂಪು ಗುಲ್‌ಮೊಹರ್, ನೇರಳೆ ಬಣ್ಣದ ಹೊಳೆದಾಸವಾಳ.
ಮಳೆಗಾಲ ಮತ್ತು ಅನಂತರ: ನೀರುಕಾಯಿ ಮರ. ಇದರ ಮೊಗ್ಗು ಒತ್ತಿದರೆ ನೀರು ಚಿಮ್ಮುತ್ತದೆ. ಹಿಂದಿನ ತಲೆಮಾರಿನ ಮಕ್ಕಳಿಗೆ ಇದೇ ಪಿಚಕಾರಿ.
ಅಕ್ಟೋಬರ್‌ನಿಂದ ಡಿಸೆಂಬರ್: ಬಿಳಿಯ ಆಕಾಶಮಲ್ಲಿಗೆ. ರಾತ್ರಿ ಅರಳಿ ಬೆಳಗಿನ ಜಾವ ಉದುರಿ ಘಮಘಮಿಸುತ್ತದೆ.

ಈ ಮರಗಳ ಹುಟ್ಟೂರುಗಳನ್ನು ಭೂಪಟದಲ್ಲಿ ಹುಡುಕಿ ನೋಡಿ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಜಕರಂಡ ದಕ್ಷಿಣ ಅಮೆರಿಕದ್ದು. ನೀರುಕಾಯಿ ಮರ ಆಫ್ರಿಕದ್ದು. ಕಾಪರ್‌ಪಾಡ್ ಆಗ್ನೇಯ ಏಷ್ಯದ ಕಡೆಯದು. ಹೊಂಗೆ, ಮುತ್ತುಗ, ಕಕ್ಕೆ, ಹೊಳೆದಾಸವಾಳ ನಮ್ಮ ನೆಲದವೇ. ದೂರದಿಂದ ಬಂದವು, ಇಲ್ಲಿಯವೇ ಆದವು, ಎಲ್ಲವೂ ಒಂದೇ ಬೀದಿಯಲ್ಲಿ ಸರದಿಯಂತೆ ಹೂ ಬಿಡುತ್ತವೆ.

ಈ ಪಟ್ಟಿಯ ಮರಗಳನ್ನೆಲ್ಲ ಕ್ರುಂಬಿಗಲ್ ಅವರೊಬ್ಬರೇ ತಂದು ನೆಟ್ಟರೆಂದು ಮಾತ್ರ ಯಾರೂ ತಿಳಿಯಬಾರದು. ಅವರಿಗಿಂತ ಮೊದಲಿದ್ದವರು ಲಾಲ್‌ಬಾಗಿಗೆ ಹಲವು ಗಿಡಗಳನ್ನು ತಂದಿದ್ದರು. ಅವರ ನಂತರ ಲಾಲ್‌ಬಾಗಿನ ಹೊಣೆ ಹೊತ್ತ ಎಚ್.ಸಿ. ಜವರಾಯ, ಎಂ.ಎಚ್. ಮರೀಗೌಡ ಅವರಂಥ ನಮ್ಮವರೇ ಆ ಕೆಲಸವನ್ನು ಮುಂದುವರಿಸಿದರು. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಸಸಿಗಳನ್ನು ನೆಡಿಸಿದರು. ಇಂದು ನಾವು ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸುವ ಗುಲಾಬಿ ಬೀದಿಗಳಲ್ಲಿ ಅವರ ಪಾಲು ದೊಡ್ಡದು. ಊರಿನ ಹಸಿರು ಒಬ್ಬರ ಕೈಯಿಂದ ಆಗುವಂಥದ್ದಲ್ಲ. ಆದರೆ ಇಡೀ ಊರನ್ನೇ ಒಂದು ತೋಟವೆಂದು ಕಂಡು, ಕ್ರಮವಾಗಿ ಯೋಚಿಸಿದ ಹಿರಿಮೆ ಕ್ರುಂಬಿಗಲ್ ಅವರದು.

ಜಾಗಕ್ಕೆ ತಕ್ಕ ಮರ

ಹೂವಿನ ಬಣ್ಣಕ್ಕಿಂತ ಮೊದಲು ತೋಟಗಾರ ಕೇಳಿಕೊಳ್ಳುವ ಪ್ರಶ್ನೆಗಳು ಬೇರೆಯೇ ಇವೆ. ಈ ಸಸಿ ಐವತ್ತು ವರ್ಷದ ನಂತರ ಎಷ್ಟು ಎತ್ತರ, ಎಷ್ಟು ಅಗಲ ಆಗುತ್ತದೆ? ಬೇರು ಆಳಕ್ಕೆ ಹೋಗುತ್ತದೆಯೋ, ಪಕ್ಕಕ್ಕೆ ಹರಡುತ್ತದೆಯೋ? ಕೊಂಬೆ ಗಟ್ಟಿಯೋ, ಗಾಳಿಗೆ ಮುರಿಯುವಂಥದ್ದೋ? ಮೊದಲ ಎರಡು ಮೂರು ವರ್ಷ ನೀರು ಹಾಕುವವರು ಯಾರು?

ಉದಾಹರಣೆಗೆ ಮಳೆಮರವನ್ನೇ ತೆಗೆದುಕೊಳ್ಳಿ. ಅಗಲವಾದ ರಸ್ತೆಯ ಎರಡು ಬದಿಯಲ್ಲಿ ನೆಟ್ಟರೆ ಅದರ ಕೊಂಬೆಗಳು ನಡುವೆ ಬಂದು ಕೂಡಿ ಚಪ್ಪರವಾಗುತ್ತವೆ. ಮೋಡ ಕವಿದಾಗಲೂ ಸಂಜೆಯಾದಾಗಲೂ ಅದು ಎಲೆ ಮಡಿಸಿಕೊಳ್ಳುತ್ತದೆ. ಆದರೆ ಅದೇ ಮರವನ್ನು ಮೂವತ್ತು ನಲವತ್ತರ ನಿವೇಶನದ ಮುಂದೆ ನೆಟ್ಟರೆ ಮನೆಗೂ ಕಷ್ಟ, ಮರಕ್ಕೂ ಕಷ್ಟ. ಕೊನೆಗೆ ಕೊಡಲಿಗೆ ಕೆಲಸ. ಮರದ್ದೇನೂ ತಪ್ಪಿಲ್ಲ; ಆರಿಸಿದವರದು ತಪ್ಪು.

ಇಂದಿನ ತಜ್ಞರು ಕ್ರುಂಬಿಗಲ್ ಅವರ ಕಾಲದ ಆಯ್ಕೆಗಳನ್ನೂ ಪರೀಕ್ಷಿಸಿ ನೋಡುತ್ತಾರೆ. ಗುಲ್‌ಮೊಹರ್, ಕಾಪರ್‌ಪಾಡ್ ಮರಗಳ ಕೊಂಬೆಗಳು ಮೇ ತಿಂಗಳ ಬಿರುಗಾಳಿ ಮಳೆಗೆ ಮುರಿದು ಬೀಳುವುದುಂಟು. ನಮ್ಮ ಹಕ್ಕಿ, ಚಿಟ್ಟೆಗಳಿಗೆ ಆಲ, ಅತ್ತಿ, ಹೊಂಗೆ, ನೇರಳೆಯಂಥ ಸ್ಥಳೀಯ ಮರಗಳೇ ಹೆಚ್ಚು ಆಸರೆ ಎಂದು ಪರಿಸರ ತಜ್ಞರು ಹೇಳುತ್ತಾರೆ. ಈ ಮಾತುಗಳಲ್ಲಿ ಹುರುಳಿದೆ. ಹಿರಿಯರನ್ನು ಗೌರವಿಸುವುದೆಂದರೆ ಅವರು ನೆಟ್ಟದ್ದನ್ನೇ ಮತ್ತೆ ನೆಡುವುದಲ್ಲ. ಅವರು ಕೇಳಿದ ಪ್ರಶ್ನೆಗಳನ್ನು ನಮ್ಮ ಕಾಲಕ್ಕೆ ತಕ್ಕಂತೆ ಮತ್ತೆ ಕೇಳುವುದು.

ತೋಟದಿಂದ ಜನರ ಕಡೆಗೆ

ಕ್ರುಂಬಿಗಲ್ ಅವರ ಕೆಲಸ ಬೀದಿ ಮರಗಳಿಗೆ ಮುಗಿಯಲಿಲ್ಲ. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಸ್ಥಾಪನೆಯಾಗುವುದರಲ್ಲಿ ಅವರು ಮುಂದಾಳಾಗಿದ್ದರು. ತೋಟಗಾರಿಕೆ ಅರಮನೆಯ ಅಂಗಳದಿಂದ ಸಾಮಾನ್ಯ ಮನೆಗಳ ಹಿತ್ತಿಲಿಗೂ ಬರಬೇಕು ಎಂಬುದು ಇಂಥ ಸಂಘದ ಉದ್ದೇಶ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಹೊತ್ತಿಗೆ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಈ ಸಂಘ ಕೈಜೋಡಿಸುತ್ತಾ ಬಂದಿದೆ. ನಮ್ಮ ಪೋಷಕರಲ್ಲಿ ಎಷ್ಟೋ ಮಂದಿ ಅಪ್ಪನ ಹೆಗಲ ಮೇಲೆ ಕುಳಿತು ಆ ಜನಸಂದಣಿಯಲ್ಲಿ ಹೂವಿನ ಆಕೃತಿಗಳನ್ನು ನೋಡಿದ್ದು ನೆನಪಿರಬಹುದು.

ಮೈಸೂರಿನ ಬಳಿ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ಹರಡಿರುವ ಬೃಂದಾವನ ಉದ್ಯಾನವನ್ನು ನೋಡದ ಕನ್ನಡಿಗರು ಕಡಿಮೆ. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಈ ಉದ್ಯಾನದ ವಿನ್ಯಾಸದಲ್ಲಿ ಕ್ರುಂಬಿಗಲ್ ಅವರ ಕೈಯಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪಾತಿಗಳು, ನಡುವೆ ಹರಿಯುವ ನೀರು, ಕಾರಂಜಿ, ದೀಪ! ನಮ್ಮ ಹಳೆಯ ಕನ್ನಡ ಸಿನಿಮಾಗಳ ಹಾಡುಗಳಿಗೆ ಅದೇ ಅಂಗಳ.

1932ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ಅವರು ಸೇವೆಯಿಂದ ನಿವೃತ್ತರಾದರು. ಹುಟ್ಟೂರಿಗೆ ಹಿಂತಿರುಗಬಹುದಾಗಿತ್ತು. ಅವರು ಬೆಂಗಳೂರಿನಲ್ಲೇ ಉಳಿದರು.

ಕಷ್ಟದ ದಿನಗಳು

ಈ ಜೀವನದಲ್ಲಿ ಒಂದು ನೋವಿನ ಅಧ್ಯಾಯವೂ ಇದೆ. ಮಕ್ಕಳಿಗೆ ಅದನ್ನು ಮರೆಮಾಡಬಾರದು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಜರ್ಮನಿ ಮತ್ತು ಬ್ರಿಟನ್ ಎದುರು ಬದುರಾದವು. ಭಾರತ ಆಗ ಬ್ರಿಟಿಷರ ಅಧೀನದಲ್ಲಿತ್ತು. ಇಲ್ಲಿದ್ದ ಜರ್ಮನರನ್ನು ಶತ್ರು ದೇಶದವರೆಂದು ಪರಿಗಣಿಸಿ ಬಂಧನದಲ್ಲಿ ಇರಿಸಿದರು. ಅವರಲ್ಲಿ ಎಪ್ಪತ್ತು ದಾಟಿದ ಕ್ರುಂಬಿಗಲ್ ಅವರೂ ಇದ್ದರು.

ಸ್ವಲ್ಪ ಯೋಚಿಸಿ. ಆ ಹೊತ್ತಿಗೆ ಅವರು ಭಾರತಕ್ಕೆ ಬಂದು ನಲವತ್ತಾರು ವರ್ಷವಾಗಿತ್ತು. ಹುಟ್ಟಿದ ನಾಡಿನಲ್ಲಿ ಕಳೆದದ್ದಕ್ಕಿಂತ ಎರಡರಷ್ಟು ಕಾಲ. ಅವರ ಕಾಲದಲ್ಲಿ ನೆಟ್ಟ ಮರಗಳ ನೆರಳಲ್ಲಿ ಜನ ಓಡಾಡುತ್ತಿದ್ದರು. ಆದರೂ ಕಾಗದದ ಮೇಲೆ ಅವರು ಪರಕೀಯರು. ಯಾವ ಊರು ನಿಮ್ಮದು ಎಂಬ ಪ್ರಶ್ನೆ ಅವರ ಪಾಲಿಗೆ ತರಗತಿಯ ಪ್ರಬಂಧದ ವಿಷಯವಾಗಿ ಬರಲಿಲ್ಲ. ಬಂಧನದ ಬಾಗಿಲಾಗಿ ಬಂತು. ಮಡಗಾಸ್ಕರಿನ ಗುಲ್‌ಮೊಹರನ್ನು ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಅದನ್ನು ಬೆಳೆಸುವ ತೋಟಗಾರನನ್ನು ಕೇಳಿದರು.

ಇಂಥ ಅನುಭವದ ನಂತರ ಯಾರಿಗಾದರೂ ಮನಸ್ಸು ಮುರಿಯಬಹುದು. ಯುದ್ಧ ಮುಗಿದ ಮೇಲೂ ಅವರು ಬೆಂಗಳೂರನ್ನು ಬಿಡಲಿಲ್ಲ. 1947ರಲ್ಲಿ ಭಾರತ ಸ್ವತಂತ್ರವಾದುದನ್ನು ಅವರು ಅಲ್ಲಿಂದಲೇ ಕಂಡರು. 1956ರ ಫೆಬ್ರವರಿ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. ಅದೇ ವರ್ಷದ ನವೆಂಬರ್ 1ರಂದು ಕನ್ನಡ ನಾಡುಗಳು ಒಂದಾಗಿ ಹೊಸ ಮೈಸೂರು ರಾಜ್ಯ ರೂಪುಗೊಂಡಿತು. ಅದನ್ನು ನೋಡಲು ಅವರಿರಲಿಲ್ಲ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಫೆಬ್ರವರಿ ಎಂದರೆ ಬೆಂಗಳೂರಿನ ಮರಗಳು ಎಲೆ ಕಳಚಿ ಹೂವಿಗೆ ಸಿದ್ಧವಾಗುವ ತಿಂಗಳು.

ನಮಗೆ ಉಳಿದ ಪಾಠ

ಈಗ ನಮ್ಮ ಒಣಗಿದ ಒಂಬತ್ತು ಸಸಿಗಳ ಕಡೆಗೆ ಬರೋಣ. ಚಳಿಗಾಲ ಮಾತ್ರ ನೋಡಿದರೆ ಇಲ್ಲಿಗೂ ಬೆಂಗಳೂರಿಗೂ ಬಹಳ ವ್ಯತ್ಯಾಸವಿಲ್ಲ. ಜನವರಿಯ ರಾತ್ರಿ ಎರಡೂ ಕಡೆ ಒಂದು ಸ್ವೆಟರ್ ಸಾಕು. ಆದ್ದರಿಂದಲೇ ಗುಲ್‌ಮೊಹರ್, ಕಾಪರ್‌ಪಾಡ್ ಮರಗಳು ಇಲ್ಲಿಯ ಉದ್ಯಾನಗಳಲ್ಲೂ ಕಾಣಸಿಗುತ್ತವೆ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರಿಗಿಂತ ಹೆಚ್ಚು ಮಳೆ. ದುಬೈಯಲ್ಲಿ ಸಾಮಾನ್ಯವಾಗಿ 100 ಮಿಲಿಮೀಟರೂ ಇಲ್ಲ. ಅಲ್ಲಿ ಬೇಸಿಗೆ 35 ಡಿಗ್ರಿ ದಾಟಿದರೆ ಸುದ್ದಿ. ಇಲ್ಲಿ 45 ಡಿಗ್ರಿಯೂ ಮಾಮೂಲು. ಮಣ್ಣು ಮರಳು, ನೀರಿನಲ್ಲಿ ಉಪ್ಪು. ಒಂದು ಊರಿಗೆ ಸರಿಯಾದ ಉತ್ತರ ಇನ್ನೊಂದು ಊರಿಗೆ ತಪ್ಪಾಗುತ್ತದೆ.

ಬೇಗ ಹಸಿರಾಗಲಿ ಎಂದು ಇಲ್ಲಿ ಹಲವರು ಬೇಲಿಗೆ ನೆಡುವ ಕೊನೊಕಾರ್ಪಸ್, ಅಂದರೆ ಸ್ಥಳೀಯರು ದಮಾಸ್ ಎನ್ನುವ ಮರ, ಕೆಲವೇ ವರ್ಷಗಳಲ್ಲಿ ಬೆಳೆಯುತ್ತದೆ ನಿಜ. ಆದರೆ ಅದರ ಬೇರು ನೀರನ್ನು ಹುಡುಕುತ್ತಾ ಪೈಪುಗಳ ಕಡೆಗೆ ನುಗ್ಗುತ್ತದೆ. ಅವಸರದ ಆಯ್ಕೆಗೆ ಆಮೇಲೆ ಬೆಲೆ ತೆರಬೇಕು. ಬದಲಿಗೆ ನಮ್ಮ ಅಂಗಳದಲ್ಲಿ ಬದುಕಿ ಉಳಿದ ಘಾಫ್ ಮರವನ್ನು ನೋಡಿ. ಅದರ ಬೇರು ಮರಳಿನೊಳಗೆ ಹತ್ತಾರು ಮೀಟರ್ ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುತ್ತದೆ. 2019ನ್ನು ಎಮಿರೇಟ್ಸ್ ದೇಶ ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಆರಿಸಿಕೊಂಡ ಲಾಂಛನವೂ ಘಾಫ್ ಮರವೇ.

ಮತ್ತು ಒಂದು ಸಂತೋಷದ ವಿಷಯ. ಈ ಘಾಫ್ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ! ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬಚ್ಚಿಟ್ಟರೆಂದು ಹೇಳುವ ಮರ, ವಿಜಯದಶಮಿಯಂದು ನಾವು ಎಲೆ ಹಂಚಿ ಬಂಗಾರವೆನ್ನುವ ಮರ, ಮೈಸೂರಿನ ಜಂಬೂ ಸವಾರಿ ಹೋಗಿ ಮುಟ್ಟುವ ಬನ್ನಿಮಂಟಪಕ್ಕೆ ಹೆಸರು ಕೊಟ್ಟ ಮರ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಪ್ರೊಸೋಪಿಸ್ ಸಿನರೇರಿಯ ಎಂದು ಒಂದೇ ಹೆಸರು. ಅಜ್ಜಿಯ ಊರಿನಲ್ಲಿ ಪೂಜೆ ಪಡೆಯುವ ಮರವೂ ಶಾಲೆಯ ಬಸ್ಸಿನ ಕಿಟಕಿಯಿಂದ ಕಾಣುವ ಮರವೂ ಒಂದೇ ಎಂದು ಹೇಳಿದ ದಿನ ತರಗತಿಯ ಮಕ್ಕಳ ಕಣ್ಣು ಅರಳಿದ್ದನ್ನು ನಾವು ಮರೆಯುವಂತಿಲ್ಲ.

ಖಾಲಿ ಪುಟ ಬಿಟ್ಟ ಆ ವಿದ್ಯಾರ್ಥಿನಿಗೆ ನಾವೀಗ ಹೇಳಬಯಸುವುದು ಇಷ್ಟೇ. ಕ್ರುಂಬಿಗಲ್ ಅವರಿಗೂ ಎರಡು ಊರುಗಳಿದ್ದವು. ಲೋಮೆನ್ ಅವರನ್ನು ಹೆತ್ತ ಊರು. ಬೆಂಗಳೂರು ಅವರು ನೀರೆರೆದ ಊರು. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವ ಅಗತ್ಯವಿಲ್ಲ. ಪುಟ ದೊಡ್ಡದಿದೆ, ಎರಡಕ್ಕೂ ಜಾಗವಿದೆ. ಎಲ್ಲಿದ್ದೇವೆಯೋ ಅಲ್ಲಿಯ ನೆಲದ ಗುಣ ತಿಳಿದು, ಅಲ್ಲಿಯವರಿಗೆ ನೆರಳಾಗುವಂಥ ಒಂದು ಕೆಲಸ ಮಾಡಿದರೆ, ಆ ಊರು ನಮ್ಮದಾಗಲು ಶುರುವಾಗುತ್ತದೆ.

ಮುಂದಿನ ಬಾರಿ ನಾವು ಜೂನ್ ತಿಂಗಳಲ್ಲಿ ಸಸಿ ನೆಡುವುದಿಲ್ಲ. ಬಿಸಿಲು ತಗ್ಗಿದ ನವೆಂಬರ್‌ನಲ್ಲಿ, ಕನ್ನಡ ರಾಜ್ಯೋತ್ಸವದ ವಾರದಲ್ಲೇ, ನಾಲ್ಕೇ ಸಸಿ ನೆಡೋಣ ಎಂದು ತೀರ್ಮಾನಿಸಿದ್ದೇವೆ: ಎರಡು ಘಾಫ್, ಒಂದು ಬೇವು, ಒಂದು ಬೋರೆ. ನಾಲ್ಕೂ ಈ ಬಿಸಿಲಿಗೆ ಅಂಜದ ಮರಗಳು. ಪ್ರತಿ ಸಸಿಗೆ ಒಂದು ತರಗತಿ ಜವಾಬ್ದಾರಿ. ರಜೆಯಲ್ಲಿ ಊರಿಗೆ ಹೋಗದ ಕುಟುಂಬಗಳು ಸರದಿಯಂತೆ ಬಂದು ನೀರು ಹಾಕಬೇಕೆಂದು ಪೋಷಕರಲ್ಲಿ ನಮ್ಮ ಕೋರಿಕೆ. ಹನ್ನೆರಡು ನೆಟ್ಟು ಒಂಬತ್ತನ್ನು ಕಳೆದುಕೊಳ್ಳುವುದಕ್ಕಿಂತ ನಾಲ್ಕು ನೆಟ್ಟು ನಾಲ್ಕನ್ನೂ ಉಳಿಸಿಕೊಳ್ಳುವುದು ಲೇಸು.

ಇನ್ನು ರಜೆಗೆ ಬೆಂಗಳೂರಿಗೆ ಹೋದವರು ಒಂದು ಸಂಜೆ ಅಜ್ಜ ಅಜ್ಜಿಯರ ಜೊತೆ ಲಾಲ್‌ಬಾಗಿಗೆ ಹೋಗಿ ಬನ್ನಿ. ಯಾವ ಮರ ಹೂಬಿಟ್ಟಿತ್ತು, ಅದರ ಹುಟ್ಟೂರು ಯಾವುದು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಹೊರಗೆ ಬರುವಾಗ ಕ್ರುಂಬಿಗಲ್ ರಸ್ತೆಯ ಫಲಕವನ್ನು ಓದಿ, ಜೊತೆಯಲ್ಲಿರುವವರಿಗೆ ಆ ಹೆಸರು ಯಾರದೆಂದು ನೀವೇ ಹೇಳಿ.